ಪ್ಲಾನ್ ನೂರು ಎಂಬಿಪಿಎಸ್, ಆದರೂ ವಿಡಿಯೊ ಕರೆ ಏಕೆ ತಡವರಿಸುತ್ತದೆ?

ಮಂಗಳೂರು ಮತ್ತು ಉಡುಪಿಯ ಮನೆ, ಅಂಗಡಿ, ಕಾಲೇಜುಗಳಲ್ಲಿ ಇಂಟರ್ನೆಟ್ ಜೋಡಣೆಯನ್ನು ನೋಡಿಕೊಳ್ಳುವ ನಮಗೆ ಅತಿ ಹೆಚ್ಚು ಬರುವ ದೂರು ‘ನೆಟ್ ಸ್ಲೋ’ ಎಂಬುದು. ಅದರ ಬೆನ್ನಿಗೇ, ‘ನೂರು ಎಂಬಿಪಿಎಸ್ ಪ್ಲಾನ್ ಹಾಕಿಸಿದ್ದೇವೆ, ಸ್ಪೀಡ್ ಟೆಸ್ಟ್ ಮಾಡಿದರೆ ತೊಂಬತ್ತೈದು ತೋರಿಸುತ್ತದೆ, ಆದರೆ ಮಗಳ ಆನ್‌ಲೈನ್ ಕ್ಲಾಸ್ ಮಾತ್ರ ನಿಂತು ನಿಂತು ಬರುತ್ತದೆ’ ಎಂಬ ಮಾತೂ ಬರುತ್ತದೆ. ಈ ಎರಡೂ ಏಕಕಾಲಕ್ಕೆ ನಿಜವಾಗಿರಲು ಸಾಧ್ಯವಿದೆ. ನಮ್ಮ ಅನುಭವದಲ್ಲಿ ಹೆಚ್ಚಿನ ಸಲ ನಿಜವೇ ಆಗಿರುತ್ತದೆ. ನಮ್ಮಲ್ಲಿ ಒಬ್ಬರು ಫೈಬರ್ ಎಳೆದು ಜೋಡಿಸುವವರು, ಒಬ್ಬರು ರೂಟರ್‌ಗಳನ್ನು ನಿರ್ವಹಿಸುವವರು, ಮತ್ತೊಬ್ಬರು ಸರ್ವರ್‌ಗಳ ಕಡೆಯವರು. ಒಂದೇ ದೂರನ್ನು ಮೂರು ತುದಿಗಳಿಂದ ನೋಡಿದಾಗ ಕಾಣುವುದೇನೆಂದರೆ, ಪ್ಲಾನಿನ ಹೆಸರಿನಲ್ಲಿರುವ ಸಂಖ್ಯೆ ಅಳೆಯುವುದು ಒಂದನ್ನು, ಬಳಸುವವರ ಸಹನೆಯನ್ನು ಪರೀಕ್ಷಿಸುವುದು ಬಹುಪಾಲು ಬೇರೊಂದು.

ಮೊದಲು ಆ ಸಂಖ್ಯೆಯನ್ನೇ ನೋಡೋಣ. ನೂರು ಎಂಬಿಪಿಎಸ್ ಎಂದರೆ ಸೆಕೆಂಡಿಗೆ 10 ಕೋಟಿ ಬಿಟ್. ಫೈಲ್‌ಗಳ ಗಾತ್ರವನ್ನು ಫೋನು ಮತ್ತು ಕಂಪ್ಯೂಟರ್‌ಗಳು ಬೈಟ್‌ನಲ್ಲಿ ತೋರಿಸುತ್ತವೆ, ಎಂಟು ಬಿಟ್ ಸೇರಿದರೆ ಒಂದು ಬೈಟ್. ಆದ್ದರಿಂದ ನೂರು ಎಂಬಿಪಿಎಸ್ ಸಂಪರ್ಕದಲ್ಲಿ ಸೆಕೆಂಡಿಗೆ ಇಳಿಯುವುದು ಹೆಚ್ಚೆಂದರೆ 12.5 ಮೆಗಾಬೈಟ್. ಒಂದು ಗಿಗಾಬೈಟಿನ ಸಿನಿಮಾ ಇಳಿಯಲು ಎಲ್ಲವೂ ಸರಿಯಿದ್ದಾಗಲೂ 80 ಸೆಕೆಂಡ್ ಬೇಕು. ‘ನೂರು ಅಂದರು, ಹನ್ನೆರಡು ಬರುತ್ತಿದೆ’ ಎಂಬ ಜಗಳಗಳ ಒಂದು ದೊಡ್ಡ ಪಾಲು ಈ ಎಂಟರ ಭಾಗಾಕಾರದಲ್ಲಿಯೇ ಮುಗಿಯುತ್ತದೆ.

ಉಳಿದ ಪಾಲು ಅಷ್ಟು ಸುಲಭದ್ದಲ್ಲ. ಅದನ್ನು ತಿಳಿಯಲು ಮಾಹಿತಿ ಹೇಗೆ ಚಲಿಸುತ್ತದೆ ಎಂಬುದನ್ನು ಸ್ವಲ್ಪ ನೋಡಬೇಕಾಗುತ್ತದೆ. ನೀವು ಕಳುಹಿಸುವ ಒಂದು ಫೋಟೊ ಇಡಿಯಾಗಿ ಹೊರಡುವುದಿಲ್ಲ. ಸಾಮಾನ್ಯವಾಗಿ 1500 ಬೈಟ್ ಮೀರದ ತುಣುಕುಗಳಾಗಿ ಒಡೆದು ಹೊರಡುತ್ತದೆ. ಇವುಗಳಿಗೆ ಪ್ಯಾಕೆಟ್ ಎನ್ನುತ್ತಾರೆ. ಪ್ರತಿ ಪ್ಯಾಕೆಟ್‌ನ ತಲೆಯಲ್ಲಿ ಎಲ್ಲಿಂದ ಹೊರಟಿತು, ಎಲ್ಲಿಗೆ ಹೋಗಬೇಕು ಎಂಬ ವಿಳಾಸ ಮತ್ತು ತನ್ನ ಕ್ರಮಸಂಖ್ಯೆ ಇರುತ್ತವೆ. ಮೂರು ಮೆಗಾಬೈಟಿನ ಫೋಟೊ ಹೀಗೆ ಎರಡು ಸಾವಿರಕ್ಕೂ ಹೆಚ್ಚು ಪ್ಯಾಕೆಟ್‌ಗಳಾಗುತ್ತದೆ. ದಾರಿಯುದ್ದಕ್ಕೂ ಇರುವ ರೂಟರ್‌ಗಳು ವಿಳಾಸವನ್ನು ನೋಡಿ ಮುಂದಕ್ಕೆ ದಾಟಿಸುತ್ತವೆಯೇ ಹೊರತು ಪೂರ್ತಿ ಫೋಟೊದ ಹೊಣೆಯನ್ನು ಯಾವ ರೂಟರ್ ಕೂಡ ಹೊರುವುದಿಲ್ಲ. ಅಮೆರಿಕದ ಪಾಲ್ ಬ್ಯಾರನ್ ಮತ್ತು ಬ್ರಿಟನ್ನಿನ ಡೊನಾಲ್ಡ್ ಡೇವಿಸ್ 1960ರ ದಶಕದಲ್ಲಿ ಒಬ್ಬರಿಗೊಬ್ಬರ ಅರಿವಿಲ್ಲದೆ ರೂಪಿಸಿದ ಕಲ್ಪನೆ ಇದು. ತಲುಪದ ತುಣುಕನ್ನು ಗುರುತಿಸಿ ಮತ್ತೆ ಕಳುಹಿಸುವ, ಹಿಂದುಮುಂದಾಗಿ ಬಂದವನ್ನು ಕ್ರಮಕ್ಕೆ ಜೋಡಿಸುವ ಹೊಣೆ ಎರಡು ತುದಿಯ ಕಂಪ್ಯೂಟರ್‌ಗಳದು. ಆ ಕೆಲಸದ ನಿಯಮಾವಳಿಯೇ ವಿಂಟ್ ಸರ್ಫ್ ಮತ್ತು ಬಾಬ್ ಕಾನ್ 1974ರಲ್ಲಿ ಮುಂದಿಟ್ಟ ಟಿಸಿಪಿ. 1983ರ ಜನವರಿ 1ರಂದು ಅಮೆರಿಕದ ಆರಂಭಿಕ ಸಂಶೋಧನಾ ಜಾಲವಾದ ಅರ್ಪಾನೆಟ್ ಪೂರ್ತಿಯಾಗಿ ಟಿಸಿಪಿ ಮತ್ತು ಐಪಿ (ಪ್ಯಾಕೆಟ್‌ಗೆ ವಿಳಾಸ ಕೊಟ್ಟು ದಾಟಿಸುವ ನಿಯಮ) ನಿಯಮಗಳಿಗೆ ಬದಲಾಯಿತು, ಇಂದು ನಾವು ಬಳಸುವ ಜಾಲ ಅದರ ಮುಂದುವರಿಕೆ.

ಈಗ ಮುಖ್ಯ ವಿಷಯಕ್ಕೆ ಬರಬಹುದು. ಒಂದು ಸೆಕೆಂಡಿನಲ್ಲಿ ಎಷ್ಟು ಪ್ಯಾಕೆಟ್ ದಾಟುತ್ತವೆ ಎಂಬುದು ಒಂದು ಪ್ರಶ್ನೆ. ಒಂದು ಪ್ಯಾಕೆಟ್ ಹೋಗಿ ಅದರ ಉತ್ತರ ಮರಳಲು ಎಷ್ಟು ಹೊತ್ತು ಬೇಕು ಎಂಬುದು ಇನ್ನೊಂದು ಪ್ರಶ್ನೆ. ಮೊದಲನೆಯದು ಸಾಮರ್ಥ್ಯ, ಎರಡನೆಯದು ವಿಳಂಬ. ಶಿರಾಡಿ ಘಾಟಿಯ ಹೆದ್ದಾರಿಯನ್ನು ಅಗಲ ಮಾಡಿದರೆ ಗಂಟೆಗೆ ದಾಟುವ ವಾಹನಗಳ ಸಂಖ್ಯೆ ಹೆಚ್ಚುತ್ತದೆ, ಆದರೆ ಮಂಗಳೂರಿನಿಂದ ಬೆಂಗಳೂರಿಗಿರುವ ದೂರ ಒಂದು ಮಾರೂ ಕುಗ್ಗುವುದಿಲ್ಲ. ಮಳೆಗಾಲದಲ್ಲಿ ಎಲ್ಲಿಯೋ ಗುಡ್ಡ ಜರಿದು ಲಾರಿಗಳ ಸಾಲು ನಿಂತಿತೆಂದರೆ ಅವುಗಳ ಹಿಂದೆ ಬಂದ ಆಂಬುಲೆನ್ಸ್ ಕೂಡ ಕಾಯಬೇಕಾಗುತ್ತದೆ. ಪ್ಲಾನ್ ಬದಲಿಸಿ ಇನ್ನೂರು ಎಂಬಿಪಿಎಸ್ ಮಾಡಿಸಿಕೊಳ್ಳುವವರು ರಸ್ತೆಯನ್ನು ಅಗಲ ಮಾಡಿಸುತ್ತಿದ್ದಾರೆ. ಅವರ ತೊಂದರೆ ದೂರದ್ದೋ ಸಾಲಿನದ್ದೋ ಆಗಿದ್ದರೆ ಹಣ ಹೋಗುತ್ತದೆ, ತೊಂದರೆ ಉಳಿಯುತ್ತದೆ.

ದೂರದ ಲೆಕ್ಕ ಸರಳವಾಗಿದೆ. ಮಾಹಿತಿಯನ್ನು ಬೆಳಕಿನ ರೂಪದಲ್ಲಿ ಒಯ್ಯುವ ಫೈಬರ್‌ನ ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಸಾಗುತ್ತದೆ. ನಿರ್ವಾತದಲ್ಲಿ ಸಾಗುವುದರ ಮೂರನೇ ಎರಡರಷ್ಟು. ಬೆಂಗಳೂರು ಸುಮಾರು 350 ಕಿಲೋಮೀಟರ್ ದೂರವೆಂದು ಹಿಡಿದರೆ ಹೋಗಿಬರಲು ನಾಲ್ಕು ಮಿಲಿಸೆಕೆಂಡ್ ಕೂಡ ಬೇಡ. ಕೇಬಲ್ ನೇರವಾಗಿ ಹೋಗದೆ ಸುತ್ತಿ ಬಳಸಿ ಹೋಗುವುದರಿಂದಲೂ ನಡುವಿನ ಉಪಕರಣಗಳಿಂದಲೂ ವಾಸ್ತವದಲ್ಲಿ ಅದು ಇನ್ನಷ್ಟಾಗುತ್ತದೆ. ನ್ಯೂಯಾರ್ಕ್ ನೇರ ಗೆರೆಯಲ್ಲಿಯೇ ಸುಮಾರು 13 ಸಾವಿರ ಕಿಲೋಮೀಟರ್. ಹೋಗಿಬರಲು ಬೆಳಕಿಗೇ 130 ಮಿಲಿಸೆಕೆಂಡ್ ಬೇಕು, ನಡೆಯುವಾಗ ಇನ್ನೂರನ್ನು ದಾಟುವುದು ಸಾಮಾನ್ಯ. ಇದನ್ನು ಯಾವ ಕಂಪನಿಯ ಯಾವ ಪ್ಲಾನ್ ಕೂಡ ಕಡಿಮೆ ಮಾಡಲಾರದು. ಭಾರತಕ್ಕೆ ಬರುವ ಸಮುದ್ರತಳದ ಕೇಬಲ್‌ಗಳು ಹೆಚ್ಚಾಗಿ ಮುಂಬಯಿ ಮತ್ತು ಚೆನ್ನೈಯಲ್ಲಿ, ಕೆಲವು ಕೊಚ್ಚಿ, ತೂತ್ತುಕುಡಿಯಂಥ ಕಡೆಗಳಲ್ಲಿ ದಡ ಸೇರುತ್ತವೆ. ಪಣಂಬೂರಿನಲ್ಲಿ ಕಡಲಿಗೆ ಮುಖ ಮಾಡಿ ಕುಳಿತು ದುಬೈಗೆ ಕಳುಹಿಸಿದ ಸಂದೇಶ ಮೊದಲು ನೆಲದ ಮೇಲೆ ನೂರಾರು ಕಿಲೋಮೀಟರ್ ಸಾಗಿ ಅಂಥದೊಂದು ಊರನ್ನು ತಲುಪಿ, ಅಲ್ಲಿಂದ ನೀರಿಗಿಳಿಯುವುದು ವಾಡಿಕೆ. ಇಲ್ಲಿ ಒಂದು ಮಾತನ್ನು ಸೇರಿಸಬೇಕು: ಯುಎಇಯಲ್ಲಿರುವ ಮಕ್ಕಳಿಗೆ ವಾಟ್ಸಾಪ್ ಕರೆ ಹೋಗುವುದಿಲ್ಲವೆಂದು ಇಲ್ಲಿನ ರೂಟರನ್ನು ಬದಲಿಸಲು ಹೊರಟವರನ್ನು ಕಂಡಿದ್ದೇವೆ. ಅಲ್ಲಿ ಇಂಥ ಕರೆಗಳಿಗೆ ಸರ್ಕಾರದ ನಿರ್ಬಂಧ ಬಹುಕಾಲದಿಂದ ಇದೆ. ಅದು ಜಾಲದ ನಿಧಾನವಲ್ಲ.

ಹಾಗಾದರೆ ಯೂಟ್ಯೂಬ್ ಅಮೆರಿಕದ ಕಂಪನಿಯಾದರೂ ಒಡನೆ ತೆರೆದುಕೊಳ್ಳುವುದು ಹೇಗೆ? ಹೆಚ್ಚು ಜನ ನೋಡುವ ವಿಡಿಯೊಗಳ ಪ್ರತಿಗಳನ್ನು ದೊಡ್ಡ ಕಂಪನಿಗಳು ಬೆಂಗಳೂರು, ಚೆನ್ನೈ, ಮುಂಬಯಿಗಳಲ್ಲಿ, ಕೆಲವೊಮ್ಮೆ ಇಂಟರ್ನೆಟ್ ಒದಗಿಸುವವರ ಕಟ್ಟಡದೊಳಗೇ ಇರಿಸಿರುತ್ತವೆ. ಸ್ಪೀಡ್ ಟೆಸ್ಟ್ ಕೂಡ ಸಾಮಾನ್ಯವಾಗಿ ಹತ್ತಿರದ ಸರ್ವರನ್ನೇ ಆರಿಸಿಕೊಳ್ಳುತ್ತದೆ. ಅದರಲ್ಲಿ ತೊಂಬತ್ತೈದು ಬಂದರೆ ನಿಮ್ಮ ಮನೆಯಿಂದ ಆ ಸರ್ವರ್‌ವರೆಗಿನ ದಾರಿ, ಆ ಕೆಲವು ಸೆಕೆಂಡುಗಳ ಮಟ್ಟಿಗೆ, ಅಗಲವಾಗಿತ್ತು ಎಂದಷ್ಟೇ ತಿಳಿಯುತ್ತದೆ.

ಸಾಲಿನ ವಿಷಯವನ್ನು ವಿವರವಾಗಿಯೇ ಹೇಳಬೇಕು, ಏಕೆಂದರೆ ವಿಡಿಯೊ ಕರೆ ತಡವರಿಸುವುದಕ್ಕೆ ನಮ್ಮ ಅಭಿಪ್ರಾಯದಲ್ಲಿ ಇದೇ ಅತ್ಯಂತ ಅಲಕ್ಷಿತ ಕಾರಣ. ರೂಟರ್‌ಗೆ ಒಳಬರುವ ಪ್ಯಾಕೆಟ್‌ಗಳು ಹೊರಹೋಗುವುದಕ್ಕಿಂತ ವೇಗವಾಗಿ ಬಂದರೆ ಅದು ಹೆಚ್ಚುವರಿಯನ್ನು ತನ್ನ ಮೆಮೊರಿಯಲ್ಲಿ ಸಾಲು ನಿಲ್ಲಿಸುತ್ತದೆ. ಮೆಮೊರಿ ಅಗ್ಗವಾದಂತೆ ತಯಾರಕರು ಈ ಸಾಲಿನ ಉದ್ದವನ್ನು ಬೆಳೆಸುತ್ತ ಹೋದರು. ಪ್ಯಾಕೆಟ್ ಬಿದ್ದುಹೋಗದಿದ್ದರೆ ಒಳ್ಳೆಯದೇ ಅಲ್ಲವೇ ಎಂಬುದು ಅವರ ಎಣಿಕೆ. ಫಲ ಬೇರೆಯಾಯಿತು. ಅಪ್‌ಲೋಡ್ ಸಾಮರ್ಥ್ಯ ಹತ್ತು ಎಂಬಿಪಿಎಸ್ ಇರುವ ಮನೆಯಲ್ಲಿ ಮದುವೆಯ ಫೋಟೊಗಳು ಫೋನಿನಿಂದ ತಾವಾಗಿಯೇ ಕ್ಲೌಡ್‌ಗೆ ಏರುತ್ತಿವೆ ಎಂದುಕೊಳ್ಳಿ. ರೂಟರ್‌ನ ಸಾಲಿನಲ್ಲಿ ಒಂದು ಮೆಗಾಬೈಟ್ ತುಂಬಿ ನಿಂತರೆ, ಆ ಹೊತ್ತಿಗೆ ಬಂದ ಹೊಸ ಪ್ಯಾಕೆಟ್ ತನ್ನ ಸರದಿಗೆ 0.8 ಸೆಕೆಂಡ್ ಕಾಯಬೇಕು. ಮಾತುಕತೆ ಸಹಜವಾಗಿ ನಡೆಯಬೇಕಾದರೆ ಒಂದು ಕಡೆಯ ವಿಳಂಬ 150 ಮಿಲಿಸೆಕೆಂಡ್ ಮೀರಬಾರದೆಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸು ಇದೆ. ಇಲ್ಲಿ ಅದರ ಐದು ಪಟ್ಟು ವಿಳಂಬ ಮನೆಯ ಬಾಗಿಲು ದಾಟುವ ಮೊದಲೇ ಆಗಿಹೋಗಿರುತ್ತದೆ. ಅತ್ತ ಅಧ್ಯಾಪಕರಿಗೆ ಹುಡುಗಿಯ ಉತ್ತರ ತಡವಾಗಿ ಕೇಳಿಸುತ್ತದೆ, ಇಬ್ಬರೂ ಒಟ್ಟಿಗೆ ಮಾತನಾಡುತ್ತಾರೆ, ಇಬ್ಬರೂ ನಿಲ್ಲಿಸುತ್ತಾರೆ. ಆ ಕ್ಷಣದಲ್ಲಿ ಡೌನ್‌ಲೋಡ್ ವೇಗವನ್ನು ಅಳೆದರೆ ಸಂಖ್ಯೆ ಬಹುಮಟ್ಟಿಗೆ ಚೆನ್ನಾಗಿಯೇ ಬರಬಹುದು.

ಸಾಲು ತುಂಬಿದಾಗ ಕಳುಹಿಸುವವರೇ ವೇಗ ತಗ್ಗಿಸಬೇಕೆಂಬ ತಿಳಿವಳಿಕೆ ಜಾಲಕ್ಕೆ ಪೆಟ್ಟು ತಿಂದ ಮೇಲೆ ಬಂದದ್ದು. 1986ರ ಅಕ್ಟೋಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಿಂದ ನಾನೂರು ಗಜ ದೂರದ ಬರ್ಕ್ಲಿ ವಿಶ್ವವಿದ್ಯಾಲಯಕ್ಕೆ ಮಾಹಿತಿ ಹರಿಯುವ ವೇಗ ಸೆಕೆಂಡಿಗೆ 32 ಸಾವಿರ ಬಿಟ್‌ಗಳಿಂದ ಬರೀ 40 ಬಿಟ್‌ಗಳಿಗೆ ಕುಸಿಯಿತು. ತಂತಿ ತುಂಡಾಗಿರಲಿಲ್ಲ, ಉತ್ತರ ಬರಲು ತಡವಾದಾಗ ಪ್ರತಿ ಕಂಪ್ಯೂಟರ್ ಅದೇ ಪ್ಯಾಕೆಟನ್ನು ಮತ್ತೆ ಮತ್ತೆ ಕಳುಹಿಸಿ ದಾರಿಯನ್ನು ತಾನೇ ಮುಚ್ಚಿಹಾಕಿತ್ತು. ಅದನ್ನು ಅಧ್ಯಯನ ಮಾಡಿದ ವ್ಯಾನ್ ಜೇಕಬ್ಸನ್ 1988ರಲ್ಲಿ ಪ್ರಕಟಿಸಿದ ಪರಿಹಾರ ಹೀಗಿತ್ತು: ಮೆಲ್ಲನೆ ಆರಂಭಿಸು, ಉತ್ತರ ಸರಿಯಾಗಿ ಬಂದಂತೆ ವೇಗ ಹೆಚ್ಚಿಸು, ಪ್ಯಾಕೆಟ್ ಕಳೆದುಹೋದರೆ ಕೂಡಲೇ ತಗ್ಗಿಸು. ಅಂದರೆ ಕಳೆದುಹೋಗುವುದೇ ಒಂದು ಸೂಚನೆ. ಮುಂದೆ ಉದ್ದನೆಯ ಸಾಲುಗಳು ಬಂದಾಗ ಈ ಸೂಚನೆಯೇ ತಡವಾಗತೊಡಗಿತು. ಅದೇ ಜೇಕಬ್ಸನ್, ಕ್ಯಾಥ್ಲೀನ್ ನಿಕೋಲ್ಸ್ ಅವರೊಂದಿಗೆ ಸೇರಿ 2012ರಲ್ಲಿ ಸಾಲನ್ನು ಹತೋಟಿಯಲ್ಲಿಡುವ ಹೊಸ ವಿಧಾನವನ್ನು ಕೊಟ್ಟರು. ಇಂದು ಕೆಲವು ರೂಟರ್‌ಗಳ ಸೆಟ್ಟಿಂಗ್‌ನಲ್ಲಿ ಕ್ಯೂಒಎಸ್ ಅಥವಾ ಎಸ್‌ಕ್ಯೂಎಂ ಎಂಬ ಹೆಸರಿನಲ್ಲಿ ಇಂಥ ಸೌಲಭ್ಯಗಳು ಸಿಗುತ್ತವೆ. ಅದನ್ನು ಚಾಲೂ ಮಾಡಿ ಮಿತಿಯನ್ನು ನಿಜವಾಗಿ ಸಿಗುವ ವೇಗದ ಶೇಕಡಾ 90ರ ಆಸುಪಾಸಿಗೆ ಇರಿಸಿದರೆ, ಸಾಮರ್ಥ್ಯದಲ್ಲಿ ಸ್ವಲ್ಪ ಬಿಟ್ಟುಕೊಟ್ಟಂತಾದರೂ ಕರೆಗಳು ಗಮನಾರ್ಹವಾಗಿ ಸುಧಾರಿಸುತ್ತವೆ. ಆ ಸೌಲಭ್ಯವಿಲ್ಲದ ರೂಟರ್ ಇದ್ದರೆ ಫೋಟೊಗಳ ಬ್ಯಾಕಪ್ಪನ್ನು ರಾತ್ರಿಗೆ ಮುಂದೂಡುವುದೇ ಚಿಕಿತ್ಸೆ.

ಮನೆಯೊಳಗಿನ ವೈಫೈ ಎರಡನೆಯ ದೊಡ್ಡ ಅಧ್ಯಾಯ. ಕರಾವಳಿಯ ಮನೆಗಳ ಕೆಂಪುಕಲ್ಲಿನ ಗೋಡೆಗಳು ದಪ್ಪ, ಮಳೆಗಾಲದಲ್ಲಿ ನೀರು ಹೀರಿ ತೇವವಾಗಿರುವಂಥವು. ರೇಡಿಯೊ ಅಲೆಗಳನ್ನು ನೀರು ಹೀರಿಕೊಳ್ಳುತ್ತದೆ. ಹಂಚಿನ ಮಾಡು ಅಲೆಗಳನ್ನು ಅಷ್ಟಾಗಿ ತಡೆಯುವುದಿಲ್ಲ, ಆದರೆ ಕಬ್ಬಿಣದ ಸರಳುಗಳಿರುವ ಕಾಂಕ್ರೀಟ್ ಸ್ಲ್ಯಾಬ್ ಬಲವಾಗಿ ತಡೆಯುತ್ತದೆ. ಹೀಗಿದ್ದೂ ರೂಟರನ್ನು ಚಾವಡಿಯ ಒಂದು ಮೂಲೆಯಲ್ಲಿ, ಟಿವಿಯ ಹಿಂದೆ ಇಡುವುದೇ ರೂಢಿ; ಕೇಬಲ್ ಅಲ್ಲಿಂದ ಒಳಬಂದಿರುತ್ತದೆ ಎಂಬುದೇ ಅದಕ್ಕೆ ಕಾರಣ. ಮಹಡಿಯ ಕೋಣೆಯಲ್ಲಿ ರೇಂಜ್ ಇಲ್ಲವೆಂದರೆ ದೋಷ ಹೊರಗಿನ ಜಾಲದ್ದಲ್ಲ.

ವೈಫೈಗೆ ಮುಖ್ಯವಾಗಿ ಎರಡು ಆವರ್ತನ ಪಟ್ಟಿಗಳಿವೆ, ಅಂದರೆ ಬ್ಯಾಂಡ್‌ಗಳು. 2.4 ಗಿಗಾಹರ್ಟ್ಸ್ ಪಟ್ಟಿ ಗೋಡೆಗಳನ್ನು ಸ್ವಲ್ಪ ಚೆನ್ನಾಗಿ ದಾಟುತ್ತದೆ, ಆದರೆ ಅದರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6 ಮತ್ತು 11 ಮಾತ್ರ. ಮೈಕ್ರೋವೇವ್ ಒಲೆ, ಬ್ಲೂಟೂತ್ ಎಲ್ಲವೂ ಅಲ್ಲಿಯೇ ಗುಂಪುಗೂಡಿವೆ. 5 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಜಾಗ ಹೆಚ್ಚು, ವೇಗ ಹೆಚ್ಚು, ಗೋಡೆ ದಾಟುವ ಶಕ್ತಿ ಕಡಿಮೆ. ಇನ್ನು ಒಂದು ಚಾನೆಲ್‌ನಲ್ಲಿ ಒಂದು ಕ್ಷಣಕ್ಕೆ ಒಂದೇ ಉಪಕರಣ ಮಾತನಾಡಬಹುದು, ಉಳಿದವು ಕೇಳಿಸಿಕೊಳ್ಳುತ್ತ ಸರದಿ ಕಾಯಬೇಕು. ಮಣಿಪಾಲದ ವಿದ್ಯಾರ್ಥಿಗಳ ಪಿಜಿ ಕಟ್ಟಡಗಳಲ್ಲಿ ಒಂದೊಂದು ಕೋಣೆಗೂ ಒಂದೊಂದು ರೂಟರ್ ಇರುವಲ್ಲಿ, ನಿಮ್ಮ ಫೋನು ಪಕ್ಕದ ಕೋಣೆಯ ರೂಟರ್‌ಗೂ ಸರದಿ ಬಿಟ್ಟುಕೊಡುತ್ತಿರುತ್ತದೆ. ಪಾಸ್‌ವರ್ಡ್ ಬೇರೆಯಾದ ಮಾತ್ರಕ್ಕೆ ಗಾಳಿ ಬೇರೆಯಾಗುವುದಿಲ್ಲ. ದೂರದ ಕೋಣೆಗೆ ಏನು ಮಾಡಬೇಕೆಂಬ ಬಗ್ಗೆ ನಮ್ಮೊಳಗೇ ಒಮ್ಮತವಿಲ್ಲ. ಇಬ್ಬರು ಮೆಶ್ ವೈಫೈ, ಅಂದರೆ ಹಲವು ಪೆಟ್ಟಿಗೆಗಳು ಸೇರಿ ಒಂದೇ ಜಾಲವಾಗುವ ವ್ಯವಸ್ಥೆ, ಸಾಕೆನ್ನುತ್ತಾರೆ. ಫೈಬರ್ ಜೋಡಿಸುವವರು ಮಾತ್ರ, ಮನೆ ಕಟ್ಟಿಸುವಾಗಲೇ ಪ್ರತಿ ಕೋಣೆಗೆ ಒಂದು ಲ್ಯಾನ್ ಕೇಬಲ್ ಎಳೆಸಿಬಿಡಿ, ನೂರು ಮೀಟರ್ ಒಳಗೆ ಅದಕ್ಕೆ ಸಾಟಿಯಿಲ್ಲ ಎಂದು ಹಠ ಹಿಡಿಯುತ್ತಾರೆ. ಕೇಬಲ್ಲಿಲ್ಲದ ಅಗ್ಗದ ರಿಪೀಟರ್ ಬೇಡವೆಂಬುದರಲ್ಲಿ ಮೂವರಿಗೂ ಒಪ್ಪಿಗೆಯಿದೆ: ಕೇಳಿಸಿಕೊಂಡದ್ದನ್ನು ಅದೇ ಚಾನೆಲ್‌ನಲ್ಲಿ ಮತ್ತೆ ಹೇಳುವ ರಿಪೀಟರ್ ಸಾಮರ್ಥ್ಯವನ್ನು ಸುಮಾರು ಅರ್ಧಕ್ಕಿಳಿಸುತ್ತದೆ.

ಗೋಡೆಯಾಚೆ ಫೈಬರ್ ಇದೆ. ಗಾಜಿನ ಎಳೆಯಲ್ಲಿ ಬೆಳಕನ್ನು ದೂರಕ್ಕೆ ಕಳುಹಿಸಬಹುದೆಂದು 1966ರಲ್ಲಿ ತೋರಿಸಿಕೊಟ್ಟ ಚಾರ್ಲ್ಸ್ ಕಾವ್ ಅವರಿಗೆ 2009ರಲ್ಲಿ ಭೌತವಿಜ್ಞಾನದ ನೊಬೆಲ್ ಬಂತು. ಮನೆಗಳಿಗೆ ಬರುವ ವ್ಯವಸ್ಥೆಯಲ್ಲಿ ಕೇಂದ್ರದಿಂದ ಹೊರಟ ಒಂದೇ ಎಳೆಯನ್ನು ಸ್ಪ್ಲಿಟರ್ ಎಂಬ ಪುಟ್ಟ ಉಪಕರಣ 32 ಅಥವಾ 64 ಮನೆಗಳಿಗೆ ಹಂಚುತ್ತದೆ. ವ್ಯಾಪಕವಾಗಿ ಬಳಕೆಯಲ್ಲಿರುವ ಜಿಪಾನ್ ಪದ್ಧತಿಯಲ್ಲಿ ಆ ಎಳೆಯ ಒಟ್ಟು ಡೌನ್‌ಲೋಡ್ ಸಾಮರ್ಥ್ಯ ಸೆಕೆಂಡಿಗೆ ಸುಮಾರು 2.5 ಗಿಗಾಬಿಟ್. 64 ಮನೆಗಳೂ ಒಂದೇ ಕ್ಷಣದಲ್ಲಿ ಪೂರ್ತಿ ಎಳೆದರೆ ತಲೆಗೆ ಬರುವುದು 39 ಎಂಬಿಪಿಎಸ್. ಹಾಗೆ ಎಲ್ಲರೂ ಒಟ್ಟಿಗೆ ಎಳೆಯುವುದು ಅಪರೂಪ ಎಂಬ ಲೆಕ್ಕಾಚಾರದ ಮೇಲೆಯೇ ನೂರರ ಪ್ಲಾನ್ ಮಾರಾಟವಾಗುತ್ತದೆ. ಅದರಲ್ಲಿ ಮೋಸವೇನೂ ಇಲ್ಲ. ಸಂಜೆ ಕ್ರಿಕೆಟ್ ಪಂದ್ಯದ ಹೊತ್ತಿಗೆ ಮಾತ್ರ ನಿಧಾನವಾದರೆ ಈ ಹಂಚಿಕೆಯನ್ನೋ, ಇದರಿಂದ ಮೇಲಿನ ಕೊಂಡಿಯನ್ನೋ ಸಂಶಯಿಸಬೇಕು.

ಫೈಬರ್‌ಗೆ ನಮ್ಮ ಮಳೆ ನೇರ ಶತ್ರುವಲ್ಲ. ಮಳೆಗೆ ಮುರಿದು ಬೀಳುವ ಹಲಸಿನ ಕೊಂಬೆ ಶತ್ರು. ಕಂಬದಿಂದ ಕಂಬಕ್ಕೆ ತೂಗುವ ಕೇಬಲ್ ತುಂಡಾದರೆ ಮನೆಯ ಪೆಟ್ಟಿಗೆಯಲ್ಲಿ ಲಾಸ್ ಎಂಬ ದೀಪ ಕೆಂಪಗಾಗುತ್ತದೆ. ಬೆಳಕೇ ತಲುಪುತ್ತಿಲ್ಲ ಎಂದು ಅದರ ಅರ್ಥ, ರೂಟರನ್ನು ಹತ್ತು ಸಲ ಆಫ್ ಮಾಡಿ ಆನ್ ಮಾಡಿದರೂ ಅದು ಬದಲಾಗದು. ಕಪಾಟಿನ ಹಿಂದೆ ಕೇಬಲ್ ತೀರಾ ಬಾಗಿದ್ದರೂ ಬೆಳಕು ಆ ತಿರುವಿನಲ್ಲಿ ಸೋರಿಹೋಗುತ್ತದೆ. ಸಿಡಿಲಿನ ವಿಷಯದಲ್ಲಿ ಗಾಜು ಹಳೆಯ ತಾಮ್ರದ ಟೆಲಿಫೋನ್ ತಂತಿಗಿಂತ ಎಷ್ಟೋ ಸುರಕ್ಷಿತ, ಏಕೆಂದರೆ ಗಾಜಿನಲ್ಲಿ ವಿದ್ಯುತ್ ಹರಿಯುವುದಿಲ್ಲ. ಆದರೆ ಆಧಾರಕ್ಕೆಂದು ಉಕ್ಕಿನ ತಂತಿ ಸೇರಿಸಿರುವ ಕೇಬಲ್‌ಗಳಿವೆ, ಪೆಟ್ಟಿಗೆಗೆ ಕರೆಂಟಿನ ಅಡಾಪ್ಟರ್ ಇದೆ, ಅದರಿಂದ ಟಿವಿಗೂ ಕ್ಯಾಮರಾಕ್ಕೂ ಹೋಗುವ ಲ್ಯಾನ್ ಕೇಬಲ್ ಇದೆ. ಮೇ ತಿಂಗಳ ಮತ್ತು ಅಕ್ಟೋಬರ್‌ನ ಗುಡುಗು ಮಳೆಯಲ್ಲಿ ಸುಟ್ಟುಹೋಗುವುದು ಸಾಮಾನ್ಯವಾಗಿ ಈ ದಾರಿಗಳಿಂದ. ಅಡಾಪ್ಟರನ್ನು ಪ್ಲಗ್ಗಿನಿಂದ ಕಿತ್ತಿಡುವ ಹಿರಿಯರ ಅಭ್ಯಾಸ ಸರಿಯಾದದ್ದೇ.

ಕ್ಯಾಮರಾದ ಮಾತು ಬಂದದ್ದರಿಂದ ವಿಳಾಸದ ಸಮಸ್ಯೆಯನ್ನು ಹೇಳಬಹುದು. ಊರಿನ ಮನೆಯಲ್ಲಿ ವಯಸ್ಸಾದ ತಂದೆತಾಯಿ ಇದ್ದು, ಮಕ್ಕಳು ಮುಂಬಯಿಯಲ್ಲೋ ಕುವೈತ್‌ನಲ್ಲೋ ಕುಳಿತು ಅಂಗಳದ ಸಿಸಿಟಿವಿ ನೋಡುವುದು ಇಲ್ಲಿ ಸಾಮಾನ್ಯ. ‘ಮನೆಯ ನೆಟ್ ಚೆನ್ನಾಗಿದೆ, ನನ್ನದೂ ಚೆನ್ನಾಗಿದೆ, ಕ್ಯಾಮರಾ ಮಾತ್ರ ತೆರೆಯುವುದಿಲ್ಲ’ ಎಂಬುದು ಅವರ ದೂರು. ಹಳೆಯ ಐಪಿ ವಿಳಾಸ 32 ಬಿಟ್‌ಗಳದ್ದು. ಎಲ್ಲ ಸೇರಿ ಸುಮಾರು 429 ಕೋಟಿ ವಿಳಾಸಗಳು. ಜಾಗತಿಕ ದಾಸ್ತಾನು 2011ರ ಫೆಬ್ರುವರಿಯಲ್ಲಿಯೇ ಮುಗಿಯಿತು. ಅಂದಿನಿಂದ ಇಂಟರ್ನೆಟ್ ಒದಗಿಸುವ ಅನೇಕರು ಒಂದೇ ಸಾರ್ವಜನಿಕ ವಿಳಾಸವನ್ನು ನೂರಾರು ಮನೆಗಳಿಗೆ ಹಂಚಿಕೊಡುತ್ತಾರೆ. ಒಳಗಿನಿಂದ ಹೊರಟ ಪ್ಯಾಕೆಟ್‌ನ ಉತ್ತರ ಯಾವ ಮನೆಗೆ ಹೋಗಬೇಕೆಂಬುದನ್ನು ಅವರ ಉಪಕರಣ ನೆನಪಿಟ್ಟುಕೊಂಡಿರುತ್ತದೆ, ಆದರೆ ಹೊರಗಿನಿಂದ ತಾನಾಗಿ ಬಂದ ಕರೆ ಯಾರ ಮನೆಗೆ ಎಂದು ಅದಕ್ಕೆ ತಿಳಿಯುವುದಿಲ್ಲ. ರೂಟರ್‌ನ ಹೊರಬದಿಯ ವಿಳಾಸ 100.64ರಿಂದ 100.127ರವರೆಗಿನ ಸಂಖ್ಯೆಗಳಿಂದ ಆರಂಭವಾಗಿದ್ದರೆ ನೀವು ಇಂಥ ಹಂಚಿಕೆಯಲ್ಲಿದ್ದೀರಿ. ಆಗ ಕ್ಯಾಮರಾದ ಆ್ಯಪ್ ತಯಾರಕರ ಸರ್ವರ್ ಮೂಲಕ ಸುತ್ತಿಬರಬೇಕಾಗುತ್ತದೆ, ಮತ್ತು ಆ ಸರ್ವರ್ ಎಲ್ಲಿದೆ ಎಂಬುದರ ಮೇಲೆ ಚಿತ್ರದ ಗತಿ ನಿಂತಿರುತ್ತದೆ. ಇಂಟರ್ನೆಟ್ ಒದಗಿಸುವವರಿಂದ ಸ್ಥಿರವಾದ ಸಾರ್ವಜನಿಕ ವಿಳಾಸವನ್ನು ಕೇಳಿ ಪಡೆಯುವುದು ಒಂದು ದಾರಿ. 128 ಬಿಟ್‌ಗಳ ಹೊಸ ವಿಳಾಸ ಪದ್ಧತಿಯಾದ ಐಪಿವಿ6 ಇನ್ನೊಂದು, ಕ್ಯಾಮರಾ ಅದನ್ನು ಬಲ್ಲದಾದರೆ. ಹಾಗೆ ಬಾಗಿಲು ತೆರೆದಾಗ ಕ್ಯಾಮರಾದ ಮೂಲ ಪಾಸ್‌ವರ್ಡನ್ನು ಬದಲಿಸದಿದ್ದರೆ ಅಂಗಳವನ್ನು ಮಕ್ಕಳಲ್ಲದವರೂ ನೋಡುತ್ತಾರೆ.

ಇನ್ನೊಂದು ಬಗೆಯ ನಿಧಾನ ಹೆಸರು ಹುಡುಕುವಲ್ಲಿದೆ. ನಾವು ಟೈಪ್ ಮಾಡುವ ಹೆಸರನ್ನು ಸಂಖ್ಯೆಯ ವಿಳಾಸವಾಗಿ ಬದಲಿಸಿಕೊಡುವ ಡಿಎನ್ಎಸ್ ವ್ಯವಸ್ಥೆಯನ್ನು ಪಾಲ್ ಮೊಕಪೆಟ್ರಿಸ್ 1983ರಲ್ಲಿ ರೂಪಿಸಿದರು. ಇದು ತಡವಾದರೆ ಪುಟ ತೆರೆಯಲು ಎರಡು ಮೂರು ಸೆಕೆಂಡ್ ಏನೂ ಆಗುವುದಿಲ್ಲ, ಆಮೇಲೆ ಎಲ್ಲವೂ ಒಮ್ಮೆಲೇ ಬಂದುಬಿಡುತ್ತದೆ. ಈ ಲಕ್ಷಣ ಕಂಡರೆ ರೂಟರ್‌ನಲ್ಲಿ ಬೇರೊಂದು ಡಿಎನ್ಎಸ್ ವಿಳಾಸ ಹಾಕಿ ನೋಡಬಹುದು. ಪೂರ್ತಿ ಕೈಕೊಟ್ಟರೆ ಏನಾಗುತ್ತದೆ ಎಂಬುದನ್ನು 2021ರ ಅಕ್ಟೋಬರ್ 4ರ ರಾತ್ರಿ ಎಲ್ಲರೂ ಕಂಡರು. ನಮ್ಮ ಸಮಯ ಒಂಬತ್ತು ದಾಟಿದ ಹೊತ್ತಿಗೆ ಫೇಸ್‌ಬುಕ್ಕಿನ ಒಳಜಾಲದಲ್ಲಿ ನಿರ್ವಹಣೆಯ ವೇಳೆ ಆದ ತಪ್ಪಿನಿಂದ ಅದರ ಡಿಎನ್ಎಸ್ ಸರ್ವರ್‌ಗಳಿಗೆ ಹೋಗುವ ದಾರಿಯೇ ಜಗತ್ತಿನ ರೂಟರ್‌ಗಳ ಪಟ್ಟಿಯಿಂದ ಅಳಿದುಹೋಯಿತು, ವಾಟ್ಸಾಪ್ ಕೂಡ ಸುಮಾರು ಆರು ಗಂಟೆ ನಿಂತಿತು. ಆ ರಾತ್ರಿ ತಮ್ಮ ಮನೆಯ ರೂಟರನ್ನು ಆಫ್ ಮಾಡಿ ಆನ್ ಮಾಡದವರು ಕಡಿಮೆ.

ದೋಷ ಯಾವ ತುಂಡಿನಲ್ಲಿದೆ ಎಂದು ತಿಳಿಯಲು ಪಿಂಗ್ ಎಂಬ ಸಣ್ಣ ಆದೇಶ ಸಾಕು; ಅದು ಒಂದು ಪ್ಯಾಕೆಟ್ ಹೋಗಿಬರುವ ಹೊತ್ತನ್ನು ಮಿಲಿಸೆಕೆಂಡಿನಲ್ಲಿ ತೋರಿಸುತ್ತದೆ. ಮೊದಲು ನಿಮ್ಮ ರೂಟರ್‌ಗೆ, ಅಂದರೆ ಹೆಚ್ಚಿನ ಮನೆಗಳಲ್ಲಿ 192.168.1.1 ಅಥವಾ 192.168.0.1 ಎಂಬ ವಿಳಾಸಕ್ಕೆ, ಕಳುಹಿಸಿ ನೋಡಬೇಕು. ಅಲ್ಲಿಯೇ ಸಂಖ್ಯೆ ಎರಡರಿಂದ ಇನ್ನೂರಕ್ಕೆ ನೆಗೆಯುತ್ತಿದ್ದರೆ ತೊಂದರೆ ವೈಫೈಯದ್ದು, ಹೊರಗಿನವರಿಗೆ ಫೋನ್ ಮಾಡಿ ಪ್ರಯೋಜನವಿಲ್ಲ. ಅದು ಸ್ಥಿರವಾಗಿದ್ದರೆ 8.8.8.8 ಎಂಬ ಹೊರಗಿನ ವಿಳಾಸಕ್ಕೆ ಕಳುಹಿಸಿ, ಜೊತೆಗೆ ಫೋನಿನಿಂದ ಒಂದು ದೊಡ್ಡ ವಿಡಿಯೊವನ್ನು ಕ್ಲೌಡ್‌ಗೆ ಏರಿಸಲು ಬಿಡಿ. ಏರಿಸುವಾಗ ಮಾತ್ರ ಸಂಖ್ಯೆ ಹತ್ತಾರು ಪಟ್ಟು ಹೆಚ್ಚಿದರೆ ಮೇಲೆ ಹೇಳಿದ ಸಾಲಿನ ತೊಂದರೆ. ಏರಿಸದಿರುವಾಗಲೂ ನಡುನಡುವೆ ಉತ್ತರವೇ ಬಾರದಿದ್ದರೆ ಕೇಬಲ್‌ನವರನ್ನು ಕರೆಯಬೇಕು, ಮತ್ತು ‘ನೆಟ್ ಸ್ಲೋ’ ಎನ್ನುವ ಬದಲು ಯಾವ ಹೊತ್ತಿನಲ್ಲಿ ಹೀಗಾಯಿತು, ಪೆಟ್ಟಿಗೆಯ ದೀಪ ಯಾವ ಬಣ್ಣದಲ್ಲಿತ್ತು, ನೂರು ಪಿಂಗ್‌ಗಳಲ್ಲಿ ಎಷ್ಟು ಕಳೆದುಹೋದವು ಎಂಬುದನ್ನು ತಿಳಿಸಬೇಕು. ಅಷ್ಟು ವಿವರ ಕೊಟ್ಟ ಗ್ರಾಹಕರ ಮನೆಗೆ ಹೊರಡುವಾಗ ನಮ್ಮವರು ಬೆಳಕಿನ ಬಲವನ್ನು ಅಳೆಯುವ ಪವರ್ ಮೀಟರ್ ಮತ್ತು ತುಂಡಾದ ಎಳೆಯನ್ನು ಬೆಸೆಯುವ ಸ್ಪ್ಲೈಸಿಂಗ್ ಯಂತ್ರವನ್ನು ಮೊದಲ ಸಲವೇ ಜೊತೆಗೆ ಒಯ್ಯುತ್ತಾರೆ.